ಅಗಸಿಯ ಹೊರಗಿನ ನೀರು

ಕಲ್ಲೋಳಿಯ ಪರಪ್ಪನಿಗೆ ಗೋಕಾಕ ಸೀಮೆಯಲ್ಲಿ ಎರಡು ಹೆಸರಿದ್ದವು. ಎದುರಿಗೆ ಸಿಕ್ಕರೆ ಪರಪ್ಪಣ್ಣ, ಬೆನ್ನು ತಿರುಗಿಸಿದರೆ ಕೆಂಪನೀರ ಪರ್ಯಾ. ಎರಡನೆಯದು ಅವನ ಕಿವಿಗೆ ಬೀಳುತ್ತಿರಲಿಲ್ಲ ಎಂದಲ್ಲ. ಬಿದ್ದಾಗ ಮೀಸೆಯಲ್ಲೇ ನಗುತ್ತಿದ್ದ. ಅಣ್ಣತಮ್ಮಂದಿರ ಪಾಲಿನಲ್ಲಿ ಕೈಗೆ ಬಂದ ಒಂದು ತುಂಡು ಮಸಾರಿ ಹೊಲ ಬಿಟ್ಟರೆ ಬೇರೇನೂ ಇಲ್ಲದವನಿಗೆ ಊರೂರಲ್ಲಿ ಒಂದು ಅಡ್ಡಹೆಸರಾದರೂ ಇರುವುದು ಸಣ್ಣ ಮಾತಲ್ಲ ಎಂದು ಅವನ ಎಣಿಕೆ.

ಕೆಲಸ ಇಷ್ಟೇ. ಎಲ್ಲಿ ವಾಂತಿಭೇದಿ ಕಾಣಿಸಿಕೊಂಡಿತೋ ಆ ಹಳ್ಳಿಗೆ ಹೋಗಿ ಕುಡಿಯುವ ನೀರಿನ ಬಾವಿಗೆ ಕೆಂಪು ಔಷಧ ಬೆರೆಸುವುದು, ರೋಗ ತಗ್ಗುವವರೆಗೆ ಅಲ್ಲೇ ಬಿದ್ದಿರುವುದು. ಪಗಾರ ಗೋಕಾಕದಿಂದ ಬರುತ್ತಿತ್ತು, ಬಂದಾಗ ಬರುತ್ತಿತ್ತು. ಸ್ವರಾಜ್ಯದ ಸುದ್ದಿ ಹಳ್ಳಿಗಳಿಗೂ ಮುಟ್ಟಿ, ಮೂಡಲಗಿಯ ಸಂತೆಯಲ್ಲಿ ಬಿಳಿ ಟೊಪ್ಪಿಗೆಗಳು ಕಾಣಿಸತೊಡಗಿದ್ದ ಕಾಲ ಅದು. ಆದರೆ ವಾಂತಿಭೇದಿ ಬಂತೆಂದರೆ ಜನ ಮೊದಲು ನೆನೆಯುತ್ತಿದ್ದದ್ದು ಊರದೇವಿಯನ್ನು, ಆಮೇಲೆ ದೂರದ ಊರಿನ ನೆಂಟರನ್ನು. ಪರಪ್ಪನ ನೆನಪು ಎಲ್ಲಕ್ಕಿಂತ ಕೊನೆಗೆ.

ಅವನನ್ನು ಈ ಕೆಲಸಕ್ಕೆ ಹಚ್ಚಿದವರು ಗೋಕಾಕದ ಡಾಕ್ಟರು. ಧಾರವಾಡದ ಕಡೆಯವರು, ದಪ್ಪ ಕನ್ನಡಕ, ಮಾತಿಗಿಂತ ಮೊದಲು ಸಿಟ್ಟು ಬರುವ ಜಾತಿ. ಮೊದಲ ದಿನವೇ ಪರಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಅವರು ಒಂದು ಮಾತು ಹೇಳಿದ್ದರು.

“ಒಂದೂ ಹುಳ ಇಲ್ಲದ ನೀರು ಮೋಡದಾಗ ಸಿಗಬಹುದು, ಪರಪ್ಪ. ನಮಗ ಸಿಗೂದು ನೆಲದ ನೀರು. ಅದಕ್ಕ ಎಲ್ಲೋ ಒಂದು ಕಡೆ ಗೆರಿ ಹಾಕಬೇಕು. ಗೆರಿ ಈಚೆ ಇದ್ರ ಕುಡೀರಿ, ಆಚೆ ಹೋದ್ರ ಕುಡೀಬ್ಯಾಡ್ರಿ. ಆ ಗೆರಿ ಹಾಕಿದವರು ನಾವು ಅನ್ನೂದನ್ನ ಮಾತ್ರ ಮರೀಬ್ಯಾಡ. ರೋಗಕ್ಕ ಅದು ಗೊತ್ತಿರೂದಿಲ್ಲ.”

ದೊಡ್ಡ ಶಹರಗಳಲ್ಲಿ ನೀರನ್ನು ಸೀಸೆಯಲ್ಲಿ ತುಂಬಿ, ಸಣ್ಣ ಹುಳವೂ ದೊಡ್ಡದಾಗಿ ಕಾಣುವ ದುರ್ಬೀನಿನಲ್ಲಿ ನೋಡಿ, ಇಷ್ಟು ನೀರಿಗೆ ಇಷ್ಟು ಹುಳ ಎಂದು ಎಣಿಸುತ್ತಾರಂತೆ. ಗೋಕಾಕದಲ್ಲಿ ಅಂಥ ಸೌಲಭ್ಯ ಎಲ್ಲಿಂದ ಬರಬೇಕು? ಡಾಕ್ಟರು ತಮ್ಮ ಕೈಲಾದ ಎರಡು ಗೆರೆ ಹಾಕಿಕೊಟ್ಟರು. ಒಂದು ಬಾವಿಗೆ: ಸಂಜೆ ಹಾಕಿದ ಔಷಧದ ಬಣ್ಣ ಮರುದಿನ ಬೆಳಗಿನವರೆಗೆ ನೀರಿನಲ್ಲಿ ನಿಂತಿರಬೇಕು. ಇನ್ನೊಂದು ಊರಿಗೆ: ಕೊನೆಯ ರೋಗಿ ಬಿದ್ದ ಮೇಲೆ ಎರಡು ಸಂತೆ ಕಳೆಯಬೇಕು, ಹೊಸದಾಗಿ ಯಾರೂ ಬೀಳಬಾರದು. ಆಗ ಊರು ಶುದ್ಧ, ನೀರು ಶುದ್ಧ.

“ನಮ್ಮ ದುರ್ಬೀನು ಅಂದ್ರ ಊರಿನ ಮಂದಿನ,” ಎಂದಿದ್ದರು ಡಾಕ್ಟರು. “ಅವರು ಬೀಳತಾರೋ ಇಲ್ಲೋ ನೋಡಿ ನೀರು ಹ್ಯಾಂಗ ಅದ ಅಂತ ತಿಳಕೋಬೇಕು. ಬ್ಯಾರೆ ದಾರಿ ಇಲ್ಲ.”

ಪರಪ್ಪನಿಗೆ ಆ ಮಾತು ಆಗ ಬರೀ ಡಾಕ್ಟರ ಮಾತಾಗಿ ಕಂಡಿತ್ತು. ತಲೆಯಾಡಿಸಿ, ಔಷಧದ ಡಬ್ಬಿ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ.

ಹೀಗೆ ಊರೂರು ತಿರುಗುತ್ತ ಒಂದು ವರ್ಷ ಅವನ ಪಾಳಿಗೆ ನಾಗನೂರು ಬಂತು. ಮಗಳನ್ನು ಕೊಟ್ಟ ಊರು. ಮಗಳು ಶಿವಗಂಗವ್ವ ಅವನಿಗೂ ಹೆಂಡತಿ ಕಾಶೆವ್ವನಿಗೂ ಒಬ್ಬಳೇ. ಬದುಕಿ ಉಳಿದದ್ದು ಅವಳೊಂದೇ. ಆಗ ಅವಳು ಏಳು ತಿಂಗಳ ಬಸುರಿ, ಮೊದಲನೆಯ ಹೆರಿಗೆ. ನಾಗರ ಪಂಚಮಿಗೆ ಕರೆದುಕೊಂಡು ಬಂದು, ಬಾಣಂತನ ಮುಗಿಸಿಯೇ ಕಳಿಸುವುದೆಂದು ಕಾಶೆವ್ವ ಒಂದು ಕೋಣೆ ಸಾರಿಸಿ, ಹಳೆಯ ಸೀರೆಗಳನ್ನು ಒಟ್ಟುಗೂಡಿಸಿ ಕೌದಿ ಹೊಲಿಯುತ್ತ ಕೂತಿದ್ದಳು. ಅಷ್ಟರಲ್ಲಿ ನಾಗನೂರಿನಲ್ಲಿ ವಾಂತಿಭೇದಿ ಎಂಬ ಸುದ್ದಿ ಬಂತು. ಪರಪ್ಪ ಹೊರಟು ನಿಂತಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

“ಮಗಳನ್ನ ಕರಕೊಂಡ ಬರ್ರಿ. ಅಕಿನ್ನ ಬಿಟ್ಟ ನೀವೊಬ್ಬರ ಬಂದ್ರ ಈ ಹೊಸ್ತಿಲಾ ದಾಟಬ್ಯಾಡ್ರಿ, ನೋಡ್ರಿ.”

“ಹುಚ್ಚಿ ಹಂಗ ಮಾತಾಡಬ್ಯಾಡ,” ಎಂದ ಪರಪ್ಪ. “ನಾ ಇದ್ದಲ್ಲಿ ಬ್ಯಾನಿ ಇರತೈತೇನ?”

ಆಡುವಾಗ ಮಾತು ಹಗುರ. ನಾಗನೂರಿನ ಅಗಸಿಯನ್ನು, ಅಂದರೆ ಊರಿನ ಹೆಬ್ಬಾಗಿಲನ್ನು ದಾಟುತ್ತಿದ್ದಂತೆ ಮೂರು ಮನೆಗಳ ಅಳು ಒಟ್ಟಿಗೆ ಕೇಳಿತು.

ನಾಗನೂರಿನವರು ಆ ಕೆಂಪು ನೀರನ್ನು ಸುಲಭಕ್ಕೆ ಕುಡಿಯಲಿಲ್ಲ. ಸಂಜೆ ಔಷಧ ಬಿದ್ದ ಬಾವಿಯನ್ನು ಬೆಳಿಗ್ಗೆ ಇಣುಕಿ ನೋಡಿದ ಹೆಂಗಸರು ಕೊಡ ಸೊಂಟದಿಂದ ಇಳಿಸದೆ ಹಿಂದೆ ಸರಿದರು. ನೇರಳೆ ಹಣ್ಣು ಹಿಚುಕಿದಂತೆ ಬಾವಿಯ ತುಂಬ ಬಣ್ಣ. ಯಾರೋ ರಕ್ತ ಎಂದರು. ಅಷ್ಟು ಸಾಕಾಯಿತು. ಊರಗೌಡ ವೀರಪ್ಪಗೌಡ, ಒಳ್ಳೆಯ ಮನುಷ್ಯನೇ, ಆದರೆ ಗದ್ದಲಕ್ಕೆ ಹೆದರುವವನು, ಕಟ್ಟೆಯ ಮೇಲೆ ನಿಂತು ಕೇಳಿದ.

“ಇದನ್ನ ಕುಡದ್ರ ಸಾಯೂದಿಲ್ಲಂತ ಯಾರ ಹೇಳಾವ್ರೋ ಪರಪ್ಪಾ?”

ಪರಪ್ಪ ಬಾಯಿ ತೆರೆಯುವ ಮೊದಲೇ ಗುಂಪಿನಿಂದ ಶಿವಗಂಗವ್ವ ಮುಂದೆ ಬಂದಳು. ಹೊಟ್ಟೆ ಹೊತ್ತುಕೊಂಡು ನಿಧಾನಕ್ಕೆ ಬಗ್ಗಿ, ಸೇದಿ, ತಂಬಿಗೆಗೆ ಸುರಿದುಕೊಂಡು ಗಟಗಟ ಕುಡಿದಳು. ಮೂಗು ಮುರಿದಳು. “ಒಗರ ಐತಿ,” ಎಂದಳು. “ನಮ್ಮಪ್ಪ ಹಾಕಿದ್ದು. ನನಗ ವಿಷಾ ಹಾಕ್ತಾನೇನ?”

ಹೆಂಗಸರು ನಕ್ಕರು. ನಕ್ಕ ಮೇಲೆ ಹೆದರಿಕೆ ಅರ್ಧ ಇಳಿಯುತ್ತದೆ. ಆದರೂ ಒಗರು ನೀರನ್ನು ದಿನವೂ ಕುಡಿಯುವ ಹಟ ಎಲ್ಲರಿಗಿರುವುದಿಲ್ಲ. ಕೆಲವರು ಕಣ್ಣು ತಪ್ಪಿಸಿ ಹಳ್ಳದಿಂದ ನೀರು ತರತೊಡಗಿದ್ದು ಪರಪ್ಪನಿಗೆ ಗೊತ್ತಾಯಿತು. ಅವನು ಸ್ವಲ್ಪ ಯೋಚಿಸಿ ಔಷಧ ಕಡಿಮೆ ಮಾಡಿದ. ಬಣ್ಣ ಕಣ್ಣಿಗೆ ಕಾಣಬೇಕು, ನಾಲಿಗೆಗೆ ತಿಳಿಯಬಾರದು, ಅಷ್ಟು. ಬೆಳಗಾಗುವಷ್ಟರಲ್ಲಿ ಆ ಬಣ್ಣ ಬರೀ ನೆಪಕ್ಕೆ ಉಳಿಯುತ್ತಿತ್ತು. ಟಾಂಗಾ ಹತ್ತಿ ತಪಾಸಣೆಗೆ ಬಂದ ಡಾಕ್ಟರು ಬಾವಿ ನೋಡಿ ಹೌಹಾರಿದರು.

“ನಾ ಹಾಕಿದ ಗೆರಿ ಎಲ್ಲಿ, ನೀ ನಿಂತ ಜಾಗಾ ಎಲ್ಲಿ?”

“ಸಾಹೇಬ್ರ, ನಿಮ್ಮ ಗೆರಿಯಾಗಿನ ನೀರ ಬಾವಿಯೊಳಗ ಉಳಿತೈತ್ರಿ. ನನ್ನ ಗೆರಿಯಾಗಿನ ನೀರ ಮಂದಿ ಹೊಟ್ಟಿಗೆ ಹೊಕ್ಕೈತ್ರಿ.”

ಡಾಕ್ಟರು ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸಿದರು. “ಸರಿ, ಇದ ಇರಲಿ,” ಎಂದರು ಕೊನೆಗೆ. “ಆದ್ರ ಗೆರಿ ಇಳಿಸಿದವನು ನೀ. ಎಲ್ಲಿ ತನಕ ಇಳಿಸಬೇಕು ಅನ್ನೂದೂ ನಿನಗ ಗೊತ್ತಿರಬೇಕು.”

ರೋಗ ತಗ್ಗಿತು. ಅದು ಔಷಧದಿಂದಲೋ, ಸಾಯುವವರೆಲ್ಲ ಸತ್ತದ್ದರಿಂದಲೋ ಯಾರು ಬಲ್ಲರು. ಊರಂತೂ ಪರಪ್ಪನ ಲೆಕ್ಕಕ್ಕೆ ಬರೆಯಿತು. ಬೀಗರ ಮನೆಯಲ್ಲಿ ಅವನಿಗೆ ಹಾಲು ಹಾಕಿದ ಚಹಾ ಸಿಗತೊಡಗಿತು. ಅಳಿಯ ಎದ್ದು ನಿಂತು ಮಾತಾಡತೊಡಗಿದ. ಕಟ್ಟೆಯ ಮೇಲಿನ ಮುದುಕರು ಅವನಿಗೆ ಜಾಗ ಬಿಟ್ಟರು. ಮನುಷ್ಯ ಎಷ್ಟು ಬಡವನಿರಲಿ, ಹೊಗಳಿಕೆಯನ್ನು ಮಾತ್ರ ಸಾಹುಕಾರನ ಹಾಗೆಯೇ ಉಣ್ಣುತ್ತಾನೆ.

ಈಗ ಉಳಿದದ್ದು ಒಂದೇ. ಎರಡು ಸಂತೆ ಕಳೆಯಬೇಕು. ಕಳೆದರೆ ಡಾಕ್ಟರು ಊರು ಶುದ್ಧವಾಯಿತೆಂದು ಹೇಳುತ್ತಾರೆ. ಹೇಳಿದ ಮರುದಿನ ಊರು ಹೊರಬೀಡು ಹೋಗುತ್ತದೆ. ಹೊರಬೀಡು ಎಂದರೆ ಇಡೀ ಊರು ಮನೆಗಳಿಗೆ ಬೀಗ ಜಡಿದು, ಒಲೆ ಆರಿಸಿ, ಕೊಡ ಗಡಿಗೆಗಳನ್ನೆಲ್ಲ ಬರಿದು ಮಾಡಿ ಬೋರಲು ಹಾಕಿ, ದನಕರು ಸಮೇತ ಅಗಸಿಯ ಹೊರಗೆ ಬಂದು ಒಂದು ಹಗಲು ಕಳೆಯುವುದು. ಅಗಸಿಗೆ ಮುಳ್ಳು ಬಡಿಯುತ್ತಾರೆ. ಬಾವಿಯ ಬಾಯಿಗೂ ಮುಳ್ಳು. ರೋಗ ತಂದ ದೇವಿ ಊರು ಬಿಟ್ಟು ಹೋಗುವಾಗ ಅವಳಿಗೆ ಖಾಲಿ ಬೀದಿ ಬೇಕು. ಅವಳ ಕಣ್ಣಿಗೆ ನಾಯಿ ಕೂಡ ಬೀಳಬಾರದು. ಆ ದಿನ ಊರೊಳಗಿನ ಬೆಂಕಿ, ಊರೊಳಗಿನ ನೀರು ಯಾವುದನ್ನೂ ಹೊರಗೆ ಒಯ್ಯುವಂತಿಲ್ಲ. ಹೊರಬೀಡಿಗಿಂತ ಮೊದಲು ಊರು ಬಿಟ್ಟವರು ದೇವಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೋದಂತೆ. ಅಂಥವರನ್ನು ಯಾವ ಊರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಕಲ್ಲೋಳಿಯೂ.

ಹಾಗಾಗಿ ಶಿವಗಂಗವ್ವನ ತವರಿನ ದಾರಿ ಆ ಎರಡು ಸಂತೆಗಳ ಆಚೆ ಇತ್ತು. ಪಂಚಮಿ ಹತ್ತಿರ ಬರುತ್ತಿತ್ತು. ಇನ್ನೂ ತಡವಾದರೆ ತಿಂಗಳು ತುಂಬುತ್ತ ಬಂದವಳನ್ನು ಆ ಕಲ್ಲು ದಾರಿಯಲ್ಲಿ ಚಕ್ಕಡಿ ಮೇಲೆ ಕೂರಿಸುವ ಹಾಗಿಲ್ಲ.

“ಅಪ್ಪಾ, ಇನ್ನೆಷ್ಟ ದಿನ?” ಎಂದು ಅವಳು ದಿನವೂ ಕೇಳುವಳು. “ಅವ್ವನ ಕೈಯಾಗಿನ ಅಳ್ಳಿಟ್ಟ ತಿನ್ನಬೇಕನಸೇತಿ.”

“ಆತು ಯವ್ವಾ, ಆತು. ಒಂದ ಸಂತಿ ಹೋತು, ಇನ್ನೊಂದ ಉಳದೇತಿ,” ಎನ್ನುವನು ಇವನು.

ಎರಡನೆಯ ಸಂತೆ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ ಪರಪ್ಪ ಹಳ್ಳದ ಕಡೆಯಿಂದ ಬರುತ್ತಿದ್ದ. ಅಗಸಿಯ ಹೊರಗಿನ ಕೇರಿಯ ಮರೆವ್ವ ದಾರಿಯಿಂದ ದೂರ ಸರಿದು ನಿಂತಿದ್ದಳು. ಆ ಕೇರಿಯವರಿಗೆ ಊರ ಬಾವಿ ಇಲ್ಲ. ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಅದರಲ್ಲಿ ಒಸರಿ ನಿಂತ ನೀರನ್ನು ಬೊಗಸೆಯಿಂದ ಕೊಡಕ್ಕೆ ತುಂಬಿಕೊಳ್ಳುವುದು ಅವರ ಪದ್ಧತಿ. ಅಂಥ ಗುಂಡಿಗೆ ವರ್ತಿ ಎನ್ನುತ್ತಾರೆ. ಆ ವರ್ಷ ಮಳೆ ಹಿಂದೆ ಬಿದ್ದು ಹಳ್ಳವಿನ್ನೂ ನೂಲಿನಂತೆ ಹರಿಯುತ್ತಿತ್ತು.

“ಯಪ್ಪಾ, ಒಂದೀಟ ನಿಂದರ್ರಿ,” ಎಂದಳು ಮರೆವ್ವ. “ನಮ್ಮ ಮೊಮ್ಮಗಳಿಗೆ ನಸಿಕಿನಿಂದ ವಾಂತಿ ಹತ್ತೇತ್ರಿ. ಹೊಟ್ಟಿ ನಿಂದರವಲ್ದು. ನಿಮ್ಮ ಕೆಂಪ ಔಷಧ ನಮ್ಮ ವರ್ತಿಗೂ ಒಂದ ಚಿಟಿಕಿ ಹಾಕ್ರಲಾ.”

ಅದೇನೆಂದು ಪರಪ್ಪನಿಗೆ ತಿಳಿಯಿತು. ಬಾಯಿಗೆ ಬಂದದ್ದು ಬೇರೆ ಮಾತು. “ನೇರಳಹಣ್ಣ ತಿಂದಿರಬೇಕ ನೋಡವಾ. ಈಗ ಎಲ್ಲಾ ಹುಡುಗೂರು ತಿನ್ನಾಕತ್ತಾವ.”

“ಹಣ್ಣ ಎಲ್ಲಿದ್ರಿ, ಯಪ್ಪಾ. ಎರಡ ದಿನದಿಂದ ನಮ್ಮನ್ಯಾಗ ಗಂಜಿ ಬಿಟ್ಟ ಬ್ಯಾರೆ ಇಲ್ಲ.”

“ಹರಿಯೂ ನೀರಿಗೆ ಔಷಧ ನಿಂದರೂದಿಲ್ಲ.”

“ವರ್ತಿ ನೀರ ಹರಿಯೂದಿಲ್ಲರಿ.”

ಅದು ಅವನಿಗೂ ಗೊತ್ತಿತ್ತು. “ನೋಡೂಣು,” ಎಂದು ಮುಂದೆ ನಡೆದ. ನೋಡೋಣ ಎಂಬ ಮಾತಿಗೆ ನಮ್ಮ ಕಡೆ ಏನರ್ಥವೆಂದು ಮರೆವ್ವನಿಗೂ ಗೊತ್ತಿತ್ತು.

ಈ ಮಗುವನ್ನು ಲೆಕ್ಕಕ್ಕೆ ಹಿಡಿದರೆ ಎಣಿಕೆ ಮತ್ತೆ ಮೊದಲಿನಿಂದ. ಇನ್ನೆರಡು ಸಂತೆ. ಪಂಚಮಿ ಹೋಯಿತು, ಚಕ್ಕಡಿ ಹೋಯಿತು, ತವರು ಹೋಯಿತು. ಪರಪ್ಪ ಮನೆಗೆ ಹೋಗದೆ ನೇರ ಗೌಡನ ಕಟ್ಟೆಗೆ ಹೋಗಿ ಸಂಗತಿ ಹೇಳಿದ. ಹೇಳಿದ್ದೇನು, ತನ್ನ ಭಾರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು ಹೋದದ್ದು. ವೀರಪ್ಪಗೌಡ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ಕೂತ.

“ಅಗಸಿ ಒಳಗಿಂದು ಹೇಳೋ ಪರಪ್ಪಾ. ಹೊರಗಿಂದು ಯಾವಾಗ ಊರ ಲೆಕ್ಕದಾಗ ಬಂದಿತ್ತ?”

ಪರಪ್ಪನಿಗೆ ಬೇಕಾಗಿದ್ದದ್ದೂ ಇದೇ ಮಾತು. ಬೇಕಾದ ಮಾತು ದೊಡ್ಡವರ ಬಾಯಿಂದ ಬಂದರೆ ಅದಕ್ಕೆ ನ್ಯಾಯದ ರೂಪ ತಾನಾಗಿ ಬರುತ್ತದೆ. ಆ ಸಂಜೆ ಅವನು ಊರ ಬಾವಿಗೆ ಔಷಧವನ್ನು ಎಂದಿಗಿಂತ ಶ್ರದ್ಧೆಯಿಂದ ಹಾಕಿದ. ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ಹೊರಗಿನ ಕೇರಿಯ ಕಡೆ ಕಾಲು ಹಾಕಲಿಲ್ಲ. ಹೋದರೆ ಕಾಣುತ್ತದೆ, ಕಂಡರೆ ಎಣಿಸಬೇಕಾಗುತ್ತದೆ.

ಸಂತೆಯ ದಿನ ಡಾಕ್ಟರು ಬಂದರು. ಟಾಂಗಾದಿಂದ ಇಳಿಯಲೂ ಪುರಸೊತ್ತಿರಲಿಲ್ಲ. ಇನ್ನೂ ನಾಲ್ಕು ಊರು ಬಾಕಿ.

“ಹೊಸದಾಗಿ ಯಾರರ ಬಿದ್ದಾರೇನು?”

“ಇಲ್ಲರಿ, ಸಾಹೇಬ್ರ.”

“ಎಲ್ಲಾ ಕಡೆ ನೋಡೀಯಲ್ಲ?”

“ನೋಡೇನ್ರಿ.”

ಡಾಕ್ಟರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ನಂಬಿದರು. ಮೂರು ವರ್ಷ ನಂಬಿದ ಮನುಷ್ಯನನ್ನು ನಂಬದಿರಲು ಅವರಿಗೆ ಕಾರಣವಾದರೂ ಏನಿತ್ತು? ಟಾಂಗಾ ತಿರುಗಿತು. ಮರೆವ್ವನ ಮೊಮ್ಮಗಳು ಅದಕ್ಕೆ ಹಿಂದಿನ ದಿನವೇ ತೀರಿಕೊಂಡಿದ್ದಳು. ಮಗುವಿನ ಮೈಕೆಳಗಿದ್ದ ಕೌದಿಯನ್ನು ಮರೆವ್ವ ಹಳ್ಳದಲ್ಲಿ ಒಗೆದು ಬೇಲಿಗೆ ಹರವಿದ್ದಳು. ಬಡವರಿಗೆ ಸತ್ತವರ ಕೌದಿ ಸುಡುವ ಐಶ್ವರ್ಯ ಇರುವುದಿಲ್ಲ.

ಹೊರಬೀಡಿನ ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಎಷ್ಟೋ ದಿನಗಳ ಮೇಲೆ ಊರು ನಗುವುದನ್ನು ಕಂಡದ್ದು. ಹಳ್ಳದ ದಂಡೆಯ ಮಾವಿನ ತೋಪಿನಲ್ಲಿ ಗಿಡಕ್ಕೊಂದು ಸಂಸಾರ. ಮೂರು ಕಲ್ಲಿಟ್ಟರೆ ಒಲೆ. ಹೋಳಿಗೆ, ಜುಣಕ, ಎಳೆ ಹುಣಸೆ ಚಿಗುರಿನ ಸಾರು. ಮಕ್ಕಳು ಜೋಕಾಲಿ ಕಟ್ಟಿದವು. ಸತ್ತವರ ಮನೆಯವರೂ ಕಣ್ಣೊರೆಸಿಕೊಂಡು ಒಲೆ ಹಚ್ಚಿದರು. ನೀರಿಗೆ ಹಳ್ಳವೇ ಗತಿ. ಬಾವಿ ಮುಳ್ಳಿನ ಕೆಳಗೆ ಔಷಧ ತುಂಬಿಕೊಂಡು ಒಂಟಿಯಾಗಿ ಕೂತಿತ್ತು.

ಹೊರಗಿನ ಕೇರಿ ಅದೇ ಹಳ್ಳದ ಮೇಲ್ಮಗ್ಗುಲಿಗೆ. ಪರಪ್ಪ ಆ ಕಡೆ ಕಣ್ಣು ಹಾಯಿಸಿದ. ಬೇಲಿಯ ಮೇಲೆ ಒಂದು ಕೌದಿ ಒಣಗುತ್ತಿತ್ತು. ಅದನ್ನು ಒಗೆದದ್ದು ಈ ಹಳ್ಳದಲ್ಲೇ ಎಂದು ಕೇಳದೆಯೂ ತಿಳಿಯಿತು. ಬೀಗಿತ್ತಿ ಚನ್ನವ್ವನ ಒಲೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

“ಬೀಗಿತ್ತೆಮ್ಮ, ಶಿವಗಂಗಾಗ ಕುಡ್ಯಾಕ ಒಂದ ಚರಿಗಿ ನೀರ ಕಾಸಿ ಇಡ್ರಿ. ಮೊದಲ ಬಸರಿ.”

ಚನ್ನವ್ವ ಕೆಟ್ಟವಳಲ್ಲ, ಬಾಯಿ ಮಾತ್ರ ದೊಡ್ಡದು. ಸುತ್ತಲಿನ ಒಲೆಗಳಿಗೆಲ್ಲ ಕೇಳುವಂತೆ ಅಂದಳು. “ಕಾಸಿದ ನೀರ ರೋಗಸ್ತರು ಕುಡೀತಾರ. ಬ್ಯಾನಿ ಹೋತಂತ ನಿನ್ನೆ ನೀವ ಅಲ್ಲೇನ್ರಿ ಹೇಳಿದಾವ್ರು? ದೇವಿನ್ನ ಕಳಸೂ ದಿನ ನನ್ನ ಸೊಸಿ ಕಾಸಿದ ನೀರ ಕುಡದ್ರ ನಾಕ ಮಂದಿ ಏನಂತಾರ? ಹೋಗಿಲ್ಲೇನ ಹಂಗಾರ ಬ್ಯಾನಿ?”

ಒಲೆಗಳ ಮುಂದಿನ ಮುಖಗಳೆಲ್ಲ ಅವನ ಕಡೆ ತಿರುಗಿದವು. ‘ಹೋಗಿಲ್ಲ’ ಎಂದು ಒಂದು ಮಾತು ಅಂದಿದ್ದರೆ ಅಲ್ಲೇ ಎಲ್ಲ ಕೊಡಗಳು ಉರುಳುತ್ತಿದ್ದವು. ಮಗಳು ತವರಿಗೆ ಬರುತ್ತಿರಲಿಲ್ಲ, ಅಷ್ಟೇ. ಅವನ ಮಾನ ಹೋಗುತ್ತಿತ್ತು, ಕೆಲಸ ಹೋಗುತ್ತಿತ್ತು, ಅಷ್ಟೇ. ಆ ‘ಅಷ್ಟೇ’ ಎಷ್ಟು ಸಣ್ಣದೆಂದು ಅವನಿಗೆ ತಿಳಿದದ್ದು ಆಮೇಲೆ.

“ಹೋಗೇತ್ರಿ,” ಎಂದ ಪರಪ್ಪ.

ಶಿವಗಂಗವ್ವ ಗಿಡದ ಬೊಡ್ಡೆಗೆ ಒರಗಿ ಕೂತು ಇಬ್ಬರ ಮಾತನ್ನೂ ಕೇಳಿ ನಗುತ್ತಿದ್ದಳು. “ನಮ್ಮಪ್ಪಗ ನಂದ ಚಿಂತಿ,” ಎಂದಳು. ಹೋಳಿಗೆ ತಿಂದು ಬಾಯಾರಿತ್ತು. ಕೊಡದಿಂದ ತಂಬಿಗೆ ತುಂಬಿಕೊಂಡು ಎತ್ತಿದಳು. “ಇವತ್ತರ ಒಗರ ಇಲ್ಲದ ನೀರ ಸಿಕ್ಕತ ನೋಡ, ಅಪ್ಪಾ.”

ಪೂರ್ತಿ ತಂಬಿಗೆ ಕುಡಿದಳು. ಪರಪ್ಪ ನೋಡುತ್ತ ಕೂತಿದ್ದ.

ಚಕ್ಕಡಿ ಹೂಡಿಸಿದ್ದು ಮೂರನೆಯ ದಿನಕ್ಕೆ. ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟುವ ಹೊತ್ತಿಗೆ ಒಳಗಿನಿಂದ ಚನ್ನವ್ವ ಕೂಗಿಕೊಂಡಳು. ಮಧ್ಯಾಹ್ನದೊಳಗೆ ಶಿವಗಂಗವ್ವನ ಕಣ್ಣು ಒಳಗೆ ಹೋದವು, ಬೆರಳ ತುದಿಗಳು ಸುಕ್ಕುಗಟ್ಟಿದವು. ಹೊಟ್ಟೆಯೊಳಗಿನ ಕೂಸು ಮೊದಲು ನಿಂತಿತು. ಅವಳು ನೀರು ನೀರು ಎಂದಳು. ಕಾಸಿ ಆರಿಸಿದ ನೀರನ್ನು ಪರಪ್ಪ ತನ್ನ ಕೈಯಿಂದಲೇ ಹನಿಹನಿಯಾಗಿ ಬಾಯಿಗೆ ಬಿಟ್ಟ. ಈಗ ಯಾರೂ ಏನೂ ಅನ್ನಲಿಲ್ಲ. ದೀಪ ಹಚ್ಚುವ ಮೊದಲೇ ಎಲ್ಲ ಮುಗಿದಿತ್ತು. ಆ ವಾರ ನಾಗನೂರಿನಲ್ಲಿ ಒಲೆ ಹಚ್ಚಿದ ಮನೆಗಳಿಗಿಂತ ಹಚ್ಚದ ಮನೆಗಳೇ ಹೆಚ್ಚಾದವು. ಚನ್ನವ್ವನೂ ಹೋದಳು. ಹೊರಬೀಡಿನಲ್ಲಿ ಜೋಕಾಲಿ ಆಡಿದ ಮಕ್ಕಳೂ ಹೋದವು.

ಡಾಕ್ಟರು ಓಡಿ ಬಂದರು. ಈ ಸಲ ಟಾಂಗಾದಿಂದ ಇಳಿದು, ಹಳ್ಳದ ಗುಂಟ ನಡೆದು, ಹೊರಗಿನ ಕೇರಿಯ ಪ್ರತಿಯೊಂದು ಗುಡಿಸಲಿಗೂ ಬಗ್ಗಿ ನೋಡಿದರು. ಹಿಂತಿರುಗಿ ಬಂದು ಪರಪ್ಪನ ಎದುರಿಗೆ ನಿಂತರು. ಬೈಯುತ್ತಾರೆಂದು ಅವನು ಕಾದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ನೀ ನನಗ ಸುಳ್ಳು ಹೇಳಿದಿ,” ಎಂದರು. “ಆದ್ರ ಗೆರಿ ಹಾಕುವಾಗ ಊರು ಅಂದ್ರ ಎಲ್ಲೀತನಕ ಅಂತ ನಾನೂ ಹೇಳಿರಲಿಲ್ಲ.”

ಅವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಕರುಣೆಯಿಂದಲ್ಲ, ವಾಂತಿಭೇದಿಯ ಊರಿಗೆ ಹೋಗುವ ಇನ್ನೊಬ್ಬ ಮನುಷ್ಯ ಇರಲಿಲ್ಲ. ಅವತ್ತಿನಿಂದ ಗೆರೆ ಬದಲಾಯಿತು. ಎಣಿಕೆ ಅಗಸಿಯ ಹೊರಗಿನಿಂದ ಸುರುವಾಗಬೇಕು, ಆ ನೀರು ಶುದ್ಧವಾಗುವವರೆಗೆ ಊರು ಶುದ್ಧವಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಪರಪ್ಪ ಕಲ್ಲೋಳಿಗೆ ಒಬ್ಬನೇ ಬಂದ. ಹೊಸ್ತಿಲ ಹೊರಗೇ ನಿಂತು, ಮರೆವ್ವ ಕೇಳಿದ್ದು, ತಾನು ‘ನೋಡೋಣ’ ಎಂದದ್ದು, ಡಾಕ್ಟರಿಗೆ ‘ಇಲ್ಲ’ ಎಂದದ್ದು ಎಲ್ಲವನ್ನೂ ಕಾಶೆವ್ವನಿಗೆ ಹೇಳಿದ. ಅವಳು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಳಗೆ ಬಿಟ್ಟುಕೊಂಡಳು, ಅನ್ನವನ್ನೂ ಬಡಿಸಿದಳು. ಆದರೆ ಬದುಕಿರುವವರೆಗೆ ಅವನ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಳ್ಳಲಿಲ್ಲ. ಕೊನೆಗಾಲದಲ್ಲಿ ಜ್ವರ ಬಂದು ಮಲಗಿದಾಗಲೂ ಅವನು ಹಿಡಿದ ನೀರನ್ನು ನೋಡಿ ಗೋಡೆಯ ಕಡೆ ಹೊರಳಿದಳು. ಪಕ್ಕದ ಮನೆಯ ಅಲ್ಲವ್ವ ಬಂದು ಕುಡಿಸಬೇಕಾಯಿತು.

ಅವನು ಆಮೇಲೆ ಹುಕ್ಕೇರಿಯ ಕಡೆಯ ಊರುಗಳನ್ನು ಕೇಳಿ ಪಡೆದುಕೊಂಡ. ಹತ್ತರಗಿಯಲ್ಲಿ ಕೆಲವು ವರ್ಷ ಉಳಿದ. ಅಲ್ಲಿ ಯಾರಿಗೂ ಅವನ ಕಥೆ ಗೊತ್ತಿರಲಿಲ್ಲ. ಊರಿಗೆ ಕಾಲಿಟ್ಟವನು ಮೊದಲು ಹೊರಗಿನ ಕೇರಿ ಹೊಕ್ಕು ಬಂದದ್ದಕ್ಕೆ ಬಾವಿಯ ಕಟ್ಟೆ ಹತ್ತಬೇಡ ಎಂದವರಿದ್ದರು. ಬಾಗಿಲಲ್ಲಿ ಊಟಕ್ಕೆ ಹಾಕದೆ ಕಳಿಸಿದವರಿದ್ದರು. ಅವನು ವಾದ ಮಾಡುತ್ತಿರಲಿಲ್ಲ. ಕಟ್ಟೆಯ ಕೆಳಗೆ ಡಬ್ಬಿ ಇಟ್ಟುಕೊಂಡು ಕೂತುಬಿಡುತ್ತಿದ್ದ. ಹೆದರಿಕೆ ಹೆಚ್ಚಾದ ಮೇಲೆ ಅವರೇ ಕರೆಯುತ್ತಿದ್ದರು. ಅವನನ್ನು ದೊಡ್ಡ ಮನುಷ್ಯ ಎಂದವರೂ ಇದ್ದರು. ಆ ಮಾತು ಕೇಳಿದಾಗ ಮಾತ್ರ ಎದ್ದು ಹೋಗುತ್ತಿದ್ದ.

ಎರಡನೆಯ ಮಹಾಯುದ್ಧ ಸುರುವಾಗಿ, ಜೋಳದ ಬೆಲೆ ಏರಿದ್ದ ಒಂದು ವರ್ಷ ನಾಗನೂರಿಗೆ ಮತ್ತೆ ವಾಂತಿಭೇದಿ ಬಂತು. ಗೋಕಾಕಕ್ಕೆ ಬಂದಿದ್ದ ಹೊಸ ಡಾಕ್ಟರಿಗೆ ಹಿಂದಿನದೊಂದೂ ಗೊತ್ತಿಲ್ಲ. ಪರಪ್ಪನನ್ನೇ ಕಳಿಸಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಂಜು. ಅಗಸಿಯ ಹತ್ತಿರ ನಿಲ್ಲದೆ ಅವನು ಹಳ್ಳದ ದಂಡೆಗುಂಟ ಹೊರಗಿನ ಕೇರಿಗೆ ನಡೆದ. ವರ್ತಿಯ ಪಕ್ಕದಲ್ಲಿ ಒಬ್ಬ ಮುದುಕಿ ಬೊಗಸೆಯಿಂದ ಕೊಡ ತುಂಬುತ್ತಿದ್ದಳು. ಮರೆವ್ವ. ಅವಳಿಗೇ ಮೊದಲು ಗುರುತು ಸಿಕ್ಕಿತು.

“ಬಂದ್ರ್ಯಾ ಯಪ್ಪಾ?”

“ಬಂದ್ನೆವಾ.” ಪರಪ್ಪ ಉಸುಕಿನಲ್ಲಿ ಮೊಣಕಾಲೂರಿ ಡಬ್ಬಿಯ ಮುಚ್ಚಳ ತೆಗೆದ. “ವರ್ತಿಗೆ ಔಷಧ ಹಾಕ್ತೇನಿ. ಕೊಡಕ್ಕೂ ಹಾಕ್ತೇನಿ.”

ಮರೆವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಬೇಕೆಂದು ಬಹಳ ವರ್ಷ ಇಟ್ಟುಕೊಂಡಿದ್ದ ಮಾತನ್ನು ಕೇಳಿದಂತಿತ್ತು.

“ಒಂದ ಮಾತ ಕೇಳ್ತೇನ್ರಿ, ಬ್ಯಾಸರಾ ಮಾಡಕೋಬ್ಯಾಡ್ರಿ. ನಮ್ಮ ಹುಡುಗಿ ಈ ನೀರ ದಿನಾ ಕುಡೀತಿತ್ತು. ನಿಮ್ಮ ಮಗಳು ಒಂದ ದಿನ ಕುಡದ್ಲು. ಅಕಿ ಕುಡೀದ ಇದ್ದಿದ್ರ, ಈ ಔಷಧ ನಮ್ಮ ವರ್ತಿಗೆ ಬರತಿತ್ತೇನ್ರಿ?”

ಹಳ್ಳದ ಆಚೆಯ ತೋಪಿನಲ್ಲಿ ಯಾರೋ ದನಗಳನ್ನು ಕೂಗುತ್ತಿದ್ದರು. ‘ಬರತಿತ್ತವಾ’ ಎನ್ನಲು ಪರಪ್ಪ ಬಾಯಿ ತೆರೆದ. ಹಾಗೆಂದರೆ ಇಬ್ಬರಿಗೂ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ಆದರೆ ಹಾಗೆನ್ನಲಿಲ್ಲ. ಕೈಯಲ್ಲಿದ್ದ ಮುಚ್ಚಳವನ್ನು ಉಸುಕಿನ ಮೇಲಿಟ್ಟ.

“ಇಲ್ಲವಾ,” ಎಂದ. “ಬರತಿರಲಿಲ್ಲ.”

ಮರೆವ್ವ ತುಂಬಿದ ಕೊಡವನ್ನು ಎರಡೂ ಕೈಯಿಂದ ಅವನ ಕಡೆ ಸರಿಸಿದಳು.

“ಹಾಕ್ರಿ ಹಂಗಾರ,” ಎಂದಳು. “ಮನ್ಯಾಗ ಇನ್ನೆರಡ ಹುಡುಗೂರ ಅದಾವ.”